ಎಂಟು ಕಥೆ, 118 ನಿಮಿಷ: ಹಬ್ಬದ ಸಿನಿಮಾ ಮಾಡುವವರಿಗೊಂದು ಬಹಿರಂಗ ಪತ್ರ

ಗೆ,
ನ್ಯೂ ಲೈನ್ ಸಿನಿಮಾ ಮತ್ತು ವಾರ್ನರ್ ಬ್ರದರ್ಸ್ ಸಂಸ್ಥೆಗಳಲ್ಲಿ ಚಿತ್ರಕಥೆಗಳಿಗೆ ಒಪ್ಪಿಗೆ ನೀಡುವ ಅಧಿಕಾರಿಗಳಿಗೆ

ವಿಷಯ: ‘ನ್ಯೂ ಇಯರ್ಸ್ ಈವ್’ (2011) ಮತ್ತು ಅದೇ ಅಚ್ಚಿನ ಬಹುತಾರಾ ಪ್ರಣಯ ಹಾಸ್ಯಚಿತ್ರಗಳ ಕೊರತೆಗಳ ಕುರಿತು.

ಮಾನ್ಯರೇ,

ಹಬ್ಬದ ಸಿನಿಮಾಗಳಿಗೆ ಬೇರೆ ಸಿನಿಮಾಗಳಿಗಿಲ್ಲದ ಒಂದು ಅನುಕೂಲವಿದೆ. ಬಿಡುಗಡೆಯಾದ ವರ್ಷ ಮುಗ್ಗರಿಸಿದರೂ ಪ್ರತಿವರ್ಷ ಅದೇ ತಾರೀಖಿಗೆ ಮತ್ತೆ ಎದ್ದು ಬರುತ್ತವೆ. 2011ರ ಡಿಸೆಂಬರ್ 9ರಂದು ಅಮೆರಿಕದಲ್ಲಿ ತೆರೆಕಂಡ ನಿಮ್ಮ ‘ನ್ಯೂ ಇಯರ್ಸ್ ಈವ್’ ಅಂಥದ್ದೇ ಒಂದು ಚಿತ್ರ. ವರ್ಷದ ಕೊನೆಯ ವಾರ ಏನಾದರೂ ಹಗುರವಾದದ್ದು ನೋಡೋಣವೆಂದು ಕೂತವರಿಗೆ ರಾಬರ್ಟ್ ಡಿ ನಿರೋ, ಮಿಶೆಲ್ ಫೈಫರ್, ಹಿಲರಿ ಸ್ವಾಂಕ್, ಹ್ಯಾಲಿ ಬೆರ್ರಿ, ಸಾರಾ ಜೆಸ್ಸಿಕಾ ಪಾರ್ಕರ್, ಆಷ್ಟನ್ ಕುಚರ್ ಎಲ್ಲರೂ ಒಂದೇ ಪೋಸ್ಟರಿನಲ್ಲಿ ಕಂಡರೆ ಪ್ಲೇ ಗುಂಡಿ ಒತ್ತದೆ ಇರುವುದು ಕಷ್ಟ. ಒತ್ತಿದ ಮೇಲೆ ಆಗುವ ನಿರಾಸೆಗೆ ಕಾರಣಗಳಿವೆ. ಅವುಗಳನ್ನು ಬಿಡಿಸಿ ತಮ್ಮ ಮುಂದಿಡುವುದಕ್ಕಾಗಿ ಈ ಪತ್ರ.

ನಿರ್ದೇಶಕ ಗ್ಯಾರಿ ಮಾರ್ಷಲ್ 2016ರಲ್ಲಿ ತೀರಿಕೊಂಡರು. ಅವರ ಮೇಲೆ ದೂರು ಹೇಳುವುದು ಇಲ್ಲಿನ ಉದ್ದೇಶವಲ್ಲ. ಚಿತ್ರಕಥೆ ಬರೆದ ಕ್ಯಾಥರೀನ್ ಫ್ಯೂಗೇಟ್ ಅವರ ಮೇಲೂ ಅಲ್ಲ. ಹದಿನಾಲ್ಕು ಪುಟದಲ್ಲಿ ಒಂದು ಪ್ರೇಮಕಥೆ ಮುಗಿಸಿ ಎಂದರೆ ಯಾರು ಬರೆದರೂ ಹೆಚ್ಚುಕಡಿಮೆ ಹೀಗೇ ಬರುತ್ತದೆ. ಎಷ್ಟು ಕಥೆ, ಎಷ್ಟು ತಾರೆಯರು, ಎಷ್ಟು ನಿಮಿಷ ಎಂಬ ಅಳತೆಗೆ ಸಹಿ ಹಾಕುವವರು ತಾವು. ಆದ್ದರಿಂದ ಪತ್ರವೂ ತಮಗೇ.

ಮೊದಲು ಲೆಕ್ಕ. ಚಿತ್ರದ ಅವಧಿ 118 ನಿಮಿಷ. ಕೊನೆಯಲ್ಲಿ ಹೆಸರುಗಳ ಜೊತೆ ಬರುವ ಚಿತ್ರೀಕರಣದ ಎಡವಟ್ಟುಗಳನ್ನು ಕಳೆದರೆ ಕಥೆಗೆ ಉಳಿಯುವುದು ಹೆಚ್ಚೆಂದರೆ 110. ಈಗ ಎಳೆಗಳನ್ನು ಎಣಿಸಿ. ಹೊಸವರ್ಷ ಹುಟ್ಟುವ ಕ್ಷಣಕ್ಕೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಚೌಕದಲ್ಲಿ ದೀಪದ ದೊಡ್ಡ ಚೆಂಡನ್ನು ಕಂಬದಿಂದ ಇಳಿಸುವ ಹೊಣೆ ಹೊತ್ತ ಕ್ಲೇರ್; ಆಸ್ಪತ್ರೆಯಲ್ಲಿ ಸಾವಿನ ಹಾಸಿಗೆಯಲ್ಲಿರುವ ಸ್ಟ್ಯಾನ್ ಮತ್ತು ಅವನ ನರ್ಸ್; ಕೆಲಸ ಬಿಟ್ಟ ಇಂಗ್ರಿಡ್ ಮತ್ತು ಅವಳ ಆಸೆಗಳ ಪಟ್ಟಿಯನ್ನು ತೀರಿಸಲು ಹೊರಟ ಕೊರಿಯರ್ ಹುಡುಗ; ಲಿಫ್ಟ್‌ನಲ್ಲಿ ಸಿಕ್ಕಿಕೊಂಡ ರ್‍ಯಾಂಡಿ ಮತ್ತು ಎಲೀಸ್; ಮದುವೆಯಾಗೆಂದು ಕೇಳಿ ಓಡಿಹೋಗಿದ್ದ ಗಾಯಕ ಜೆನ್ಸನ್ ಮತ್ತು ಅಡುಗೆಯ ಉಸ್ತುವಾರಿಯ ಲಾರಾ; ಹೊಸವರ್ಷದ ಮೊದಲ ಮಗುವಿಗೆ ಸಿಗುವ 25,000 ಡಾಲರ್ ಬಹುಮಾನಕ್ಕೆ ಪೈಪೋಟಿಗಿಳಿದ ಎರಡು ಬಸುರಿ ಜೋಡಿಗಳು; ಕಾರು ಕೆಟ್ಟು ಪಾದ್ರಿಯ ಕುಟುಂಬದ ವಾಹನ ಹತ್ತಿದ ಸ್ಯಾಮ್; ಹದಿನೈದರ ಮಗಳನ್ನು ಮನೆಯಲ್ಲೇ ಹಿಡಿದಿಡಲು ನೋಡುವ ಕಿಮ್. ಒಟ್ಟು ಎಂಟು. ಭಾಗಿಸಿದರೆ ಒಂದೊಂದಕ್ಕೆ ಹದಿಮೂರು ಮುಕ್ಕಾಲು ನಿಮಿಷ. ಪುಟಕ್ಕೊಂದು ನಿಮಿಷ ಎಂಬ ನಿಮ್ಮ ಉದ್ಯಮದ ರೂಢಿಯನ್ನೇ ಹಿಡಿದರೆ ಹದಿನಾಲ್ಕು ಪುಟವೂ ಇಲ್ಲ. ಎರಡೆರಡು ನಿಮಿಷದ ಆರೇಳು ದೃಶ್ಯ, ಅಷ್ಟೇ.

ಒಂದು ಪ್ರೇಮಕಥೆಗೆ ಕನಿಷ್ಠ ಏನೇನು ಬೇಕು? ಇಬ್ಬರು ಎದುರಾಗಬೇಕು. ಒಬ್ಬರಲ್ಲಿ ಇನ್ನೊಬ್ಬರಿಗೆ ಹಿಡಿಸಿದ್ದೇನೆಂದು ನಮಗೂ ಕಾಣಬೇಕು. ಅಡ್ಡಿ ಬರಬೇಕು, ಅದು ಹೊರಗಿನಿಂದ ಬೀಳದೆ ಅವರ ಸ್ವಭಾವದಿಂದಲೇ ಹುಟ್ಟಿರಬೇಕು. ಒಮ್ಮೆ ಎಲ್ಲ ಕೈತಪ್ಪಬೇಕು. ಕೊನೆಗೆ ಯಾರಾದರೊಬ್ಬರು ತಮಗೆ ಬೇಕಾದ ಏನನ್ನಾದರೂ ಬಿಟ್ಟುಕೊಡಬೇಕು. ಇಷ್ಟಕ್ಕೇ ಆ ಆರೇಳು ದೃಶ್ಯ ಖರ್ಚಾಗಿ ಹೋಗುತ್ತವೆ. ಹಾಸ್ಯಕ್ಕೆ ಜಾಗ ಎಲ್ಲಿ? ಹಾಸ್ಯ ಮರುಕಳಿಕೆಯನ್ನು ಬೇಡುತ್ತದೆ. ಒಂದು ಚೇಷ್ಟೆ ಮೊದಲ ಸಲ ಬಂದಾಗ ಪರಿಚಯ, ಎರಡನೆಯ ಸಲಕ್ಕೆ ನಿರೀಕ್ಷೆ, ಮೂರನೆಯ ಸಲ ಅದು ತಿರುಗಿಬಿದ್ದಾಗ ನಗು. ಮೂರು ಸಲ ಬರಲು ಸಮಯವಿಲ್ಲದ ಕಡೆ ನಗಿಸಲು ಉಳಿಯುವ ದಾರಿ ಎರಡೇ: ಕಪಾಳಕ್ಕೆ ಹೊಡೆಯುವುದು, ಇಲ್ಲವೇ ಉಚ್ಚಾರಣೆಯನ್ನು ಗೇಲಿ ಮಾಡುವುದು. ಚಿತ್ರ ಎರಡನ್ನೂ ಮಾಡುತ್ತದೆ.

ಜೆನ್ಸನ್ ಮತ್ತು ಲಾರಾ ಕಥೆಯನ್ನೇ ನೋಡಿ. ಒಂದು ವರ್ಷದ ಹಿಂದೆ ಅವನು ಮದುವೆಯ ಮಾತೆತ್ತಿ, ಹೆದರಿ, ಕಾಣೆಯಾಗಿದ್ದಾನೆ. ಆ ಹೆದರಿಕೆ ಎಂಥದ್ದು, ಅವಳು ಆ ವರ್ಷ ಹೇಗೆ ಕಳೆದಳು, ಇವುಗಳಲ್ಲಿ ಒಂದನ್ನೂ ನಾವು ಕಾಣುವುದಿಲ್ಲ. ಅಡುಗೆಮನೆಯಲ್ಲಿ ನಿಂತು ಅವರೇ ಹೇಳಿಕೊಳ್ಳುತ್ತಾರೆ. ಸಿಟ್ಟನ್ನು ಕಟ್ಟಲು ಸಮಯವಿಲ್ಲವೆಂದು ಕಪಾಳಕ್ಕೊಂದು ಏಟು. ಕರಗುವುದನ್ನು ತೋರಿಸಲು ಸಮಯವಿಲ್ಲವೆಂದು ಒಂದು ಹಾಡು. ಹಾಡು, ಏಟು, ತಬ್ಬುಗೆ ಎಲ್ಲವೂ ತೀರ್ಮಾನಗಳು. ತೀರ್ಮಾನಕ್ಕೆ ಬಂದ ದಾರಿ ಮಾತ್ರ ಚಿತ್ರದಲ್ಲಿಲ್ಲ.

ಲಿಫ್ಟ್‌ನ ಎಳೆಯದು ಇನ್ನೊಂದು ಬಗೆಯ ನಷ್ಟ, ನನಗೆ ಹೆಚ್ಚು ಬೇಸರ ತಂದದ್ದೂ ಅದೇ. ಹೊಸವರ್ಷದ ಗದ್ದಲವನ್ನೇ ದ್ವೇಷಿಸುವ ಒಬ್ಬ ಚಿತ್ರಕಾರ, ಅದೇ ರಾತ್ರಿ ವೇದಿಕೆಯ ಮೇಲೆ ಹಿನ್ನೆಲೆಗೆ ಹಾಡಬೇಕಾದ ಒಬ್ಬ ಹುಡುಗಿ, ಮುಚ್ಚಿದ ಲಿಫ್ಟು. ಇಷ್ಟರಲ್ಲೇ ತೊಂಬತ್ತು ನಿಮಿಷದ ಚಿತ್ರ ಮಾಡಬಹುದಿತ್ತು. ಸಿಕ್ಕಿಕೊಂಡ ಕಥೆಗೆ ಬೇಕಾದದ್ದು ನಾವೂ ಅವರ ಜೊತೆ ಸಿಕ್ಕಿಕೊಂಡಿರುವುದು: ಗಾಳಿ ಬಿಸಿಯಾಗುವುದು, ಮಾತು ಮುಗಿದು ಮೌನ ಬರುವುದು, ಆ ಮೌನ ಅಸಹನೀಯವಾಗಿ ಇನ್ನೊಂದು ನಿಜ ಹೊರಬೀಳುವುದು. ಸಂಕಲನ ಇಲ್ಲಿ ಪ್ರತಿ ಎರಡು ನಿಮಿಷಕ್ಕೊಮ್ಮೆ ನಮ್ಮನ್ನು ಲಿಫ್ಟಿನಿಂದ ಹೊರಗೆ ಕರೆದೊಯ್ದು ಆಸ್ಪತ್ರೆ, ರಸ್ತೆ, ಅಡುಗೆಮನೆ ಸುತ್ತಿಸಿ ಮತ್ತೆ ತಂದು ಬಿಡುತ್ತದೆ. ಪಾತ್ರಗಳು ಗಂಟೆಗಟ್ಟಲೆ ಒಳಗಿವೆ. ಪ್ರೇಕ್ಷಕ ಒಂದು ಕ್ಷಣವೂ ಒಳಗಿಲ್ಲ. ಹಲವು ಎಳೆಗಳನ್ನು ಹೆಣೆಯುವ ತಂತ್ರ ಓಟದ ಕಥೆಗೆ ವೇಗ ಕೊಡುತ್ತದೆ. ನಿಂತ ಕಥೆಯನ್ನು ಅದೇ ತಂತ್ರ ಕೊಲ್ಲುತ್ತದೆ. ಇದು ಸಂಕಲನಕಾರರಿಗೆ ತಿಳಿಯದ ವಿಷಯವಲ್ಲ. ಆದರೆ ಕತ್ತರಿ ಅವರ ಕೈಗೆ ಬರುವ ಹೊತ್ತಿಗೆ ಹೆಣಿಗೆ ತೀರ್ಮಾನವಾಗಿಬಿಟ್ಟಿರುತ್ತದೆ.

ಇನ್ನು ಕಾಲ್‌ಶೀಟ್. ನಮ್ಮ ಗಾಂಧಿನಗರದಲ್ಲಾಗಲಿ ನಿಮ್ಮ ಲಾಸ್ ಏಂಜಲೀಸ್‌ನಲ್ಲಾಗಲಿ ದೊಡ್ಡ ನಟರ ದಿನಗಳು ದುಬಾರಿ. ಇಂಥ ಚಿತ್ರದ ಆಕರ್ಷಣೆಯೇ ಅದು: ಕೆಲವೇ ದಿನ ಕೊಟ್ಟರೆ ಸಾಕು, ಪೋಸ್ಟರಿನಲ್ಲಿ ಮುಖ ಬರುತ್ತದೆ. ಅದರ ಗುರುತು ತೆರೆಯ ಮೇಲೆ ಎದ್ದು ಕಾಣುತ್ತದೆ. ಸ್ಟ್ಯಾನ್ ಆಗಿರುವ ಡಿ ನಿರೋ ಹೆಚ್ಚುಕಡಿಮೆ ಹಾಸಿಗೆ ಬಿಟ್ಟು ಏಳುವುದಿಲ್ಲ. ರ್‍ಯಾಂಡಿಯಾಗಿರುವ ಕುಚರ್ ಲಿಫ್ಟಿನಲ್ಲಿ, ಲಾರಾ ಆಗಿರುವ ಕ್ಯಾಥರೀನ್ ಹೈಗಲ್ ಅಡುಗೆಮನೆಯಲ್ಲಿ, ಸ್ಯಾಮ್ ಆಗಿರುವ ಜಾಶ್ ಡುಹಾಮೆಲ್ ವಾಹನದಲ್ಲಿ. ಅದಕ್ಕೂ ಮುಂಚಿನ ‘ವ್ಯಾಲೆಂಟೈನ್ಸ್ ಡೇ’ (2010) ಚಿತ್ರದಲ್ಲಿ ಜೂಲಿಯಾ ರಾಬರ್ಟ್ಸ್ ಬಹುಪಾಲು ವಿಮಾನದ ಸೀಟಿನಲ್ಲಿ. ಒಂದು ಜಾಗ, ಇಬ್ಬರು ನಟರು, ಎರಡು ಮೂರು ದಿನದ ಚಿತ್ರೀಕರಣ ಎಂಬ ಲೆಕ್ಕಕ್ಕೆ ಹೊಂದುವಂತೆ ಕಥೆಯನ್ನು ಕತ್ತರಿಸಿದ ಹಾಗಿದೆ. ನಗರ ಪೂರ್ತಿ ಸೇರುವ ರಾತ್ರಿಯ ಕಥೆಯಲ್ಲಿ ಯಾರೂ ಯಾರನ್ನೂ ಸೇರುವುದಿಲ್ಲ.

ಈ ಪತ್ರದ ಮುಖ್ಯ ದೂರು ಇನ್ನು ಮುಂದಿದೆ. (ಚಿತ್ರ ನೋಡದವರು ಈ ಭಾಗ ದಾಟಿ ಹೋಗಬಹುದು, ಗುಟ್ಟು ಒಡೆಯುತ್ತಿದ್ದೇನೆ.) ಎಳೆಗಳನ್ನು ಜೋಡಿಸಲು ನಿಮ್ಮ ಚಿತ್ರಗಳು ನಂಬಿರುವ ಉಪಾಯ ಒಂದೇ: ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಬಚ್ಚಿಡುವುದು. ಕ್ಲೇರ್ ಸಾಯುತ್ತಿರುವ ಸ್ಟ್ಯಾನ್‌ನ ಮಗಳೆಂದು ಕೊನೆಯಲ್ಲಿ ತಿಳಿಯುತ್ತದೆ. ಸ್ಯಾಮ್ ಹುಡುಕಿ ಹೊರಟ ಹೆಂಗಸು ಕಿಮ್ ಎಂದು ಕೊನೆಯಲ್ಲಿ ತಿಳಿಯುತ್ತದೆ. ಹಿಂದಿನ ಚಿತ್ರದಲ್ಲೂ ಹಾಗೆಯೇ: ಸೇನೆಯ ಕ್ಯಾಪ್ಟನ್ ಒಂದು ದಿನದ ರಜೆಗಾಗಿ ಹದಿನಾಲ್ಕು ಗಂಟೆ ವಿಮಾನದಲ್ಲಿ ಬರುತ್ತಿರುವುದು ಪ್ರಿಯಕರನಿಗಾಗಿ ಅಲ್ಲ, ಮಗನಿಗಾಗಿ. ಅವಳ ಪಕ್ಕದ ಸೀಟಿನವನು ಇನ್ನೊಂದು ಎಳೆಯ ಫುಟ್‌ಬಾಲ್ ಆಟಗಾರನ ಸಂಗಾತಿ.

ಈ ಬಚ್ಚಿಡುವಿಕೆಯ ಬೆಲೆ ಎಷ್ಟೆಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೇ? ಕ್ಲೇರ್ ಮಗಳೆಂದು ಮೊದಲ ಹದಿನೈದು ನಿಮಿಷದಲ್ಲೇ ನಮಗೆ ಗೊತ್ತಿದ್ದರೆ ಅವಳ ಪ್ರತಿ ದೃಶ್ಯದ ತೂಕ ಬದಲಾಗುತ್ತಿತ್ತು. ಚೆಂಡು ಕೆಟ್ಟು ನಿಂತಾಗ ಅವಳು ಕಳೆದುಕೊಳ್ಳುತ್ತಿರುವುದು ಕೆಲಸವನ್ನಷ್ಟೇ ಅಲ್ಲ, ಅಪ್ಪನ ಕೊನೆಯ ಗಂಟೆಗಳನ್ನು ಎಂದು ನಮಗೆ ಅರಿವಾಗುತ್ತಿತ್ತು. ಫೋನು ರಿಂಗಾದರೆ ಎದೆ ಹಾರುತ್ತಿತ್ತು. ಕೆಲಸವೋ ಅಪ್ಪನೋ ಎಂಬ ಆಯ್ಕೆಯನ್ನು ಅವಳು ನಮ್ಮ ಕಣ್ಣೆದುರೇ ಮಾಡಬೇಕಾಗುತ್ತಿತ್ತು. ಗುಟ್ಟು ಕಾಯಬೇಕಾದ್ದರಿಂದ ಕ್ಲೇರ್ ಆಗಿರುವ ಸ್ವಾಂಕ್ ಅವರು ಒಳಗಿನ ಕಳವಳವನ್ನು ತೋರಿಸುವಂತೆಯೂ ಇಲ್ಲ, ತೋರಿಸದೆ ಬಿಡುವಂತೆಯೂ ಇಲ್ಲ. ತಂದೆ ಮಗಳ ನಡುವೆ ಏನು ನಡೆದಿತ್ತು ಎಂಬುದನ್ನೂ ಬಾಯಿ ಬಿಡುವಂತಿಲ್ಲ. ಕೊನೆಯ ಒಂದು ಕ್ಷಣದ ಅಚ್ಚರಿಗಾಗಿ ಒಂದೂವರೆ ಗಂಟೆಯ ಆತಂಕವನ್ನು ಒತ್ತೆಯಿಟ್ಟಂತಾಯಿತು. ಸ್ಯಾಮ್ ಮತ್ತು ಕಿಮ್ ಎಳೆಯಲ್ಲಂತೂ ಇನ್ನೂ ಕೆಟ್ಟದು: ಇಬ್ಬರು ಪರಸ್ಪರ ಕಾಯುತ್ತಿದ್ದಾರೆ ಎಂಬುದೇ ಪ್ರೇಮಕಥೆಯ ಜೀವಾಳ, ಆ ಕಾಯುವಿಕೆಯನ್ನೇ ನಮ್ಮಿಂದ ಮರೆಮಾಡಲಾಗಿದೆ.

ಇದೇ ಬಗೆಯ ಚಿತ್ರದಲ್ಲಿ ಕೆಲಸ ಸರಿಯಾಗಿ ನಡೆದ ಉದಾಹರಣೆಯೂ ಇದೆ. 2003ರ ‘ಲವ್ ಆ್ಯಕ್ಚುಯಲಿ’ಯಲ್ಲೂ ಎಳೆಗಳು ಹೆಚ್ಚಾದವು, ಕೆಲವಂತೂ ತೀರಾ ಬಾಲಿಶ. ಆದರೆ ಎಮ್ಮಾ ಥಾಂಪ್ಸನ್ ಅವರ ಎಳೆ ಎಲ್ಲರಿಗೂ ನೆನಪಿದೆ. ಗಂಡ ಅಂಗಡಿಯಲ್ಲಿ ಬೇರೊಬ್ಬಳಿಗಾಗಿ ಸರ ಕೊಳ್ಳುತ್ತಾನೆ. ಕಟ್ಟಿಕೊಡುವವನು ಅವಸರವೇ ಇಲ್ಲದೆ ಕಟ್ಟುತ್ತಾ ಕೂರುತ್ತಾನೆ, ನಾವು ನಗುತ್ತೇವೆ. ಹೆಂಡತಿಗೆ ಅವನ ಕೋಟಿನ ಜೇಬಿನಲ್ಲಿ ಆ ಸರ ಸಿಗುತ್ತದೆ, ತನಗೇ ಎಂದುಕೊಳ್ಳುತ್ತಾಳೆ. ಹಬ್ಬದ ಉಡುಗೊರೆ ಬಿಚ್ಚಿದಾಗ ಒಳಗಿರುವುದು ಸಿಡಿ. ಅವಳು ಒಳಗೆ ಹೋಗಿ ಅತ್ತು, ಹಾಸಿಗೆಯ ಹೊದಿಕೆ ಸರಿಮಾಡಿ, ಮಕ್ಕಳೆದುರು ನಗುತ್ತಾ ಬರುತ್ತಾಳೆ. ನಾಲ್ಕೇ ಮೆಟ್ಟಿಲು, ಒಂದೇ ವಸ್ತು, ಗುಟ್ಟಿನ ಆಟವಿಲ್ಲ. ಅವಳಿಗಿಂತ ಮೊದಲೇ ನಮಗೆ ಗೊತ್ತು ಎಂಬುದೇ ಆ ದೃಶ್ಯದ ಶಕ್ತಿ. ಮೊದಲು ನಗಿಸಿದ ಪೊಟ್ಟಣವೇ ಆಮೇಲೆ ಗಂಟಲು ಕಟ್ಟಿಸುತ್ತದೆ. ಆ ಚಿತ್ರ ಕ್ರಿಸ್‌ಮಸ್‌ಗೆ ಐದು ವಾರ ಮುಂಚೆ ಶುರುವಾಗುತ್ತದೆ ಎಂಬುದನ್ನೂ ಗಮನಿಸಬೇಕು. ಒಂದು ಅನುಮಾನ ಬೆಳೆಯಲು ವಾರಗಳು ಬೇಕು. ಒಂದೇ ದಿನದಲ್ಲಿ ಎಲ್ಲ ಮುಗಿಯಬೇಕೆಂಬ ನಿಮ್ಮ ಎರಡೂ ಚಿತ್ರಗಳ ಕಟ್ಟುಪಾಡು ಆ ಸಾಧ್ಯತೆಯನ್ನೇ ಮೊದಲ ಪುಟದಲ್ಲಿ ಹೊಡೆದುಹಾಕಿತು.

ಒಂದೇ ರಾತ್ರಿಯ ಕಥೆ ಎಂದ ಮೇಲೆ ಆ ರಾತ್ರಿಯಾದರೂ ನಿಜವಾಗಿರಬೇಕಲ್ಲವೇ? ಟೈಮ್ಸ್ ಸ್ಕ್ವೇರ್‌ನಲ್ಲಿ ಚೆಂಡು ಇಳಿಸುವ ಪದ್ಧತಿ 1907ರ ಕೊನೆಯ ರಾತ್ರಿ ಶುರುವಾಯಿತು, ಯುದ್ಧಕಾಲದ 1942 ಮತ್ತು 1943ರಲ್ಲಿ ಮಾತ್ರ ನಿಂತಿತ್ತು. ನಿಮ್ಮ ಚಿತ್ರದ ಕಾಲದ ಚೆಂಡು ಹನ್ನೆರಡು ಅಡಿ ಅಡ್ಡಳತೆಯದು, ಸುಮಾರು 5,400 ಕಿಲೋ ತೂಕ, 2,688 ಸ್ಫಟಿಕ ತ್ರಿಕೋನಗಳು, 32,256 ಎಲ್‌ಇಡಿ ದೀಪಗಳು. 11 ಗಂಟೆ 59 ನಿಮಿಷಕ್ಕೆ ಹೊರಟು ಸರಿಯಾಗಿ ಅರವತ್ತು ಸೆಕೆಂಡಿನಲ್ಲಿ ಕೆಳಗೆ ಮುಟ್ಟಬೇಕು. ಇಷ್ಟು ಭಾರದ, ಇಷ್ಟು ದೀಪದ, ಇಷ್ಟು ನಿಖರ ಗಡುವಿನ ಯಂತ್ರ ಕೆಟ್ಟಿತು ಎನ್ನುವುದು ಎಂಥ ಒಳ್ಳೆಯ ಕಥಾವಸ್ತು! ಕೆಟ್ಟದ್ದು ದೀಪವೋ, ಇಳಿಸುವ ಯಂತ್ರವೋ, ನಿಯಂತ್ರಿಸುವ ಕಂಪ್ಯೂಟರೋ ಎಂಬುದರ ಮೇಲೆ ರಿಪೇರಿಯ ದಾರಿಯೇ ಬೇರೆಯಾಗುತ್ತದೆ. ಹೆಕ್ಟರ್ ಎಲಿಝೊಂಡೊ ಅವರ ಪಾತ್ರ, ಕೆಲಸದಿಂದ ತೆಗೆದುಹಾಕಿದ್ದ ಹಳೆಯ ಎಲೆಕ್ಟ್ರಿಷಿಯನ್, ಬರುತ್ತಾನೆ, ಸರಿಮಾಡುತ್ತಾನೆ. ಅವನ ಕೈಗೆ ಮಾತ್ರ ಗೊತ್ತಿದ್ದದ್ದು ಏನು? ನೋಡುವವರ ಮನಸ್ಸಿನಲ್ಲಿ ನಿಲ್ಲುವಂತೆ ಚಿತ್ರ ಅದನ್ನು ಹೇಳುವುದಿಲ್ಲ. ಅದರ ಬದಲು ಕ್ಲೇರ್ ಕ್ಯಾಮೆರಾಗಳ ಮುಂದೆ ನಿಂತು ನಿಂತ ಚೆಂಡನ್ನು ನೆಪಮಾಡಿಕೊಂಡು ಎರಡನೇ ಅವಕಾಶದ ಬಗ್ಗೆ ಭಾಷಣ ಮಾಡುತ್ತಾಳೆ. ಒಬ್ಬ ಕೆಲಸಗಾರ ತನ್ನ ಕೆಲಸ ಮಾಡುವುದನ್ನು ತೋರಿಸಿದ್ದರೆ ಭಾಷಣ ಬೇಕಾಗುತ್ತಿರಲಿಲ್ಲ.

ಜನರ ವಿಷಯವೂ ಅಷ್ಟೇ. ಆ ರಾತ್ರಿ ಅಲ್ಲಿ ನಿಲ್ಲುವವರು ಮಧ್ಯಾಹ್ನದಿಂದಲೇ ಪೊಲೀಸರ ತಡೆಬೇಲಿಗಳೊಳಗೆ ಸೇರುತ್ತಾರೆ. ದೊಡ್ಡ ಚೀಲ, ಕೊಡೆ, ಮದ್ಯ ಒಳಗೆ ಬಿಡುವುದಿಲ್ಲ. ಶೌಚಾಲಯ ಇಲ್ಲ. ಒಮ್ಮೆ ಹೊರಬಂದರೆ ಜಾಗ ಹೋಯಿತು. ಸುತ್ತಲಿನ ರಸ್ತೆಗಳಲ್ಲಿ ವಾಹನ ಬಂದ್. ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಅಡ್ಡಿ ಬೇಕೇ? ಹತ್ತು ಗಂಟೆ ಚಳಿಯಲ್ಲಿ ಪಕ್ಕಪಕ್ಕ ನಿಂತು, ಬಿಟ್ಟು ಹೋಗಲಾಗದ ಇಬ್ಬರು ಅಪರಿಚಿತರು! ನಿಮ್ಮ ಪಾತ್ರಗಳಾದರೋ ಹನ್ನೆರಡಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಚೌಕದಿಂದ ಆಸ್ಪತ್ರೆಗೆ, ವೇದಿಕೆಯಿಂದ ಪಾರ್ಟಿಗೆ ಸರಾಗವಾಗಿ ಓಡಾಡುತ್ತವೆ. ಅಡ್ಡಿ ನಗರದಲ್ಲೇ ಇತ್ತು. ಅದನ್ನು ತೆಗೆದುಹಾಕಿ ಬೇರೆ ಅಡ್ಡಿ ಹುಡುಕಿದ್ದೀರಿ.

ಮೆಚ್ಚಬೇಕಾದದ್ದನ್ನು ಮೆಚ್ಚದೆ ಹೋದರೆ ದೂರಿಗೆ ಬೆಲೆ ಇರುವುದಿಲ್ಲ. ಮಿಶೆಲ್ ಫೈಫರ್ (ಇಂಗ್ರಿಡ್) ಮತ್ತು ಝ್ಯಾಕ್ ಎಫ್ರಾನ್ (ಕೊರಿಯರ್ ಹುಡುಗ) ಅವರ ಎಳೆ ಚೆನ್ನಾಗಿದೆ. ಪಾರ್ಟಿಯ ಟಿಕೆಟ್‌ಗೆ ಬದಲಾಗಿ ನನ್ನ ಆಸೆಗಳನ್ನು ಇವತ್ತೇ ತೀರಿಸು ಎಂಬ ಒಪ್ಪಂದ. ಕೈಯಲ್ಲೊಂದು ಪಟ್ಟಿ, ಪ್ರತಿ ದೃಶ್ಯದಲ್ಲಿ ಮಾಡಲೇಬೇಕಾದ ಒಂದು ಕೆಲಸ. ಎಷ್ಟಾಯಿತು, ಎಷ್ಟು ಉಳಿಯಿತು ಎಂದು ನಾವೂ ಎಣಿಸುತ್ತೇವೆ. ಮಾತಿಗಿಂತ ಕೆಲಸ ಮುಂದಿರುವುದರಿಂದ ಹದಿನಾಲ್ಕು ನಿಮಿಷವೂ ಇಲ್ಲಿ ಸಾಲುತ್ತದೆ. ಜೆನ್ಸನ್ ವೇದಿಕೆ ಬಿಟ್ಟು ಓಡಿದ್ದರಿಂದ ಎಲೀಸ್‌ಗೆ ಹಾಡುವ ಅವಕಾಶ ಸಿಗುವುದೂ ಸರಿಯಾದ ಹೆಣಿಗೆ: ಒಂದು ಎಳೆಯಲ್ಲಿ ನಡೆದದ್ದು ಇನ್ನೊಂದು ಎಳೆಯ ಹಣೆಬರಹ ತಿದ್ದಿತು. ಆದರೆ ಅದು ಬರುವುದು ಚಿತ್ರ ಮುಗಿಯುವ ಹೊತ್ತಿಗೆ.

ಸಮಯದ ಬರ ಬಂದಾಗ ಮೊದಲು ಹಸಿವಿಗೆ ಬೀಳುವವರು ಯಾರು ಎಂಬುದನ್ನೂ ನೋಡಬೇಕು. ಹ್ಯಾಲಿ ಬೆರ್ರಿ ಅವರ ನರ್ಸ್ ಪಾತ್ರದ ಸ್ವಂತ ಬದುಕು, ಅಂದರೆ ಅಫ್ಘಾನಿಸ್ತಾನದಲ್ಲಿರುವ ಸೈನಿಕ ಗಂಡ, ಒಂದು ವಿಡಿಯೋ ಕರೆಯಲ್ಲಿ ಮುಗಿದುಹೋಗುತ್ತದೆ. ಉಳಿದಂತೆ ಅವಳು ಬೇರೆಯವರ ಸಾವಿಗೆ ಕಾವಲು. ಲಾರಾಳ ಅಡುಗೆಮನೆಯ ಸಹಾಯಕಿಯಾಗಿರುವ ಸೋಫಿಯಾ ವರ್ಗಾರಾ ಅವರ ಪಾಲಿಗೆ ಬಂದದ್ದು ಮುಖ್ಯವಾಗಿ ಉಚ್ಚಾರಣೆಯ ತಮಾಷೆ. ‘ವ್ಯಾಲೆಂಟೈನ್ಸ್ ಡೇ’ಯಲ್ಲಿ ಎರಿಕ್ ಡೇನ್ (ಆ ಫುಟ್‌ಬಾಲ್ ಆಟಗಾರ) ಮತ್ತು ಬ್ರಾಡ್ಲಿ ಕೂಪರ್ (ವಿಮಾನದ ಪಕ್ಕದ ಸೀಟಿನವನು) ಸಂಗಾತಿಗಳು, ಆದರೆ ಚಿತ್ರದುದ್ದಕ್ಕೂ ಬೇರೆ ಬೇರೆ, ಎಲ್ಲ ಜೋಡಿಗಳಿಗೂ ಜಗಳ, ಮುನಿಸು, ರಾಜಿ ಸಿಕ್ಕರೆ ಇವರಿಗೆ ಸಿಕ್ಕಿದ್ದು ಕೊನೆಯ ತಿರುವು ಎಂಬ ಸ್ಥಾನ. ಒಂದು ಸಂಬಂಧವನ್ನು ಅಚ್ಚರಿಯ ಸರಕಾಗಿ ಬಳಸಿದರೆ ಆ ಸಂಬಂಧದ ಕಥೆ ಹೇಳಿದಂತಾಗುವುದಿಲ್ಲ.

ವ್ಯಾಪಾರದ ದೃಷ್ಟಿಯಿಂದ ಇದೆಲ್ಲ ಸರಿಯೇ ಎಂದು ತಾವು ಹೇಳಬಹುದು. ‘ವ್ಯಾಲೆಂಟೈನ್ಸ್ ಡೇ’ ಸುಮಾರು 5.2 ಕೋಟಿ ಡಾಲರ್ ವೆಚ್ಚಕ್ಕೆ ಜಗತ್ತಿನಾದ್ಯಂತ 21 ಕೋಟಿಗೂ ಮಿಕ್ಕಿ ತಂದಿತು, ನಿಜ. ಅದಕ್ಕಿಂತ ಹೆಚ್ಚು ವೆಚ್ಚದ ‘ನ್ಯೂ ಇಯರ್ಸ್ ಈವ್’ ತಂದದ್ದು ಸುಮಾರು 14 ಕೋಟಿ. ಅದೇ ನಿರ್ದೇಶಕರು 2016ರಲ್ಲಿ ಬೇರೆ ಸಂಸ್ಥೆಗೆ ಮಾಡಿಕೊಟ್ಟ ‘ಮದರ್ಸ್ ಡೇ’ 5 ಕೋಟಿಯನ್ನೂ ಮುಟ್ಟಲಿಲ್ಲ. ಮುಖಗಳ ಸಂತೆಗೆ ಜನ ಒಮ್ಮೆ ಬಂದರು, ಎರಡನೇ ಸಲ ಯೋಚಿಸಿದರು, ಮೂರನೇ ಸಲ ಮನೆಯಲ್ಲೇ ಉಳಿದರು.

ಬಹುತಾರಾ ಚಿತ್ರವೇ ಬೇಡ ಎಂಬುದು ನನ್ನ ವಾದವಲ್ಲ. 1932ರ ‘ಗ್ರ್ಯಾಂಡ್ ಹೋಟೆಲ್’ ಈಗ ನಿಮ್ಮದೇ ಭಂಡಾರದಲ್ಲಿದೆ. ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಬ್ಯಾರಿಮೋರ್ ಸಹೋದರರು, ವಾಲೆಸ್ ಬೀರಿ: ಆ ಕಾಲಕ್ಕೆ ಇದು ಕಡಿಮೆ ತಾರಾಬಳಗವೇನಲ್ಲ. ಅವಧಿ 112 ನಿಮಿಷ, ನಿಮ್ಮದಕ್ಕಿಂತ ಆರು ನಿಮಿಷ ಕಡಿಮೆ. ಬೇರಾವ ವಿಭಾಗದಲ್ಲೂ ನಾಮಕರಣವಿಲ್ಲದೆ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದದ್ದು ಅದು. ಅಲ್ಲಿನ ಹೆಣಿಗೆ ನೋಡಿ. ನರ್ತಕಿಯ ಜೊತೆ ಹೋಗಲು ಬ್ಯಾರನ್‌ಗೆ ಹಣ ಬೇಕು. ಹಣಕ್ಕಾಗಿ ಉದ್ಯಮಿಯ ಕೋಣೆಗೆ ನುಗ್ಗುತ್ತಾನೆ, ಅವನ ಕೈಯಲ್ಲಿ ಸಾಯುತ್ತಾನೆ. ಅದರಿಂದ ಉದ್ಯಮಿ ಜೈಲಿಗೆ, ಅವನ ಸ್ಟೆನೋಗ್ರಾಫರ್ ಬದುಕು ಬೇರೆ ದಿಕ್ಕಿಗೆ. ಏನೂ ತಿಳಿಯದ ನರ್ತಕಿ ಪ್ರಿಯಕರ ರೈಲಿಗೆ ಬರುತ್ತಾನೆಂದು ನಗುತ್ತಾ ಹೋಟೆಲಿನಿಂದ ಹೊರಡುತ್ತಾಳೆ. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಐದು ಪಾತ್ರಗಳಲ್ಲಿ ಒಂದನ್ನು ಕಿತ್ತರೂ ಉಳಿದ ನಾಲ್ಕು ನಿಲ್ಲುವುದಿಲ್ಲ.

ಹೀಗಿರುವಾಗ ತಮ್ಮಲ್ಲಿ ಕೆಲವು ಕೋರಿಕೆಗಳು. ಎರಡು ಗಂಟೆಯ ಚಿತ್ರಕ್ಕೆ ಐದು ಎಳೆ ಮೀರದಿರಲಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹೆಚ್ಚು ಕಥೆಗಳು ಬೇಕೇ ಬೇಕೆಂದರೆ ಹೆಣೆಯುವ ಹಟ ಬಿಡಿ. ನಮ್ಮ ಪುಟ್ಟಣ್ಣ ಕಣಗಾಲರು 1976ರಲ್ಲೇ ‘ಕಥಾಸಂಗಮ’ದಲ್ಲಿ ಮೂರು ಕಥೆಗಳನ್ನು ಒಂದಾದ ಮೇಲೊಂದು ಹೇಳಿದರು, ಪ್ರತಿ ಕಥೆಗೂ ಅದರದೇ ಉಸಿರು ಸಿಕ್ಕಿತು. ತಾರೆಯರ ದಿನಗಳನ್ನು ಕೊಳ್ಳುವ ಮುಂಚೆ ಚಿತ್ರಕಥೆ ಪೂರ್ತಿಯಾಗಲಿ, ಕೊಂಡಾಗ ಬೇರೆ ಬೇರೆ ಎಳೆಯ ಇಬ್ಬರು ಒಟ್ಟಿಗೆ ಸಿಗುವ ಒಂದೆರಡು ದಿನಗಳನ್ನಾದರೂ ಕೊಳ್ಳಿ. ನೆಂಟಸ್ತಿಕೆಯ ಗುಟ್ಟುಗಳನ್ನು ಮೊದಲ ಇಪ್ಪತ್ತು ನಿಮಿಷದಲ್ಲೇ ಬಿಟ್ಟುಕೊಡಿ. ಒಂದು ಎಳೆಯಾದರೂ ಕೂಡಿಬರದೆ ಉಳಿಯಲಿ. ಎಂಟಕ್ಕೆ ಎಂಟೂ ಹನ್ನೆರಡು ಗಂಟೆಗೆ ಸರಿಯಾಗಿ ಹಣ್ಣಾದರೆ ಯಾವುದಕ್ಕೂ ರುಚಿ ಇರುವುದಿಲ್ಲ. ನಿಜವಾದ ಊರು, ನಿಜವಾದ ಹಬ್ಬ ಆರಿಸಿಕೊಂಡಾಗ ಅಲ್ಲಿ ಕೆಲಸ ಮಾಡುವ ಒಬ್ಬ ಪೊಲೀಸ್, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ನರ್ಸ್ ಜೊತೆ ಬರಹಗಾರರನ್ನು ಕೂರಿಸಿ.

ಕೊನೆಯದಾಗಿ, ಒಪ್ಪಿಗೆಯ ಸಹಿಗೆ ಮುಂಚೆ ಒಂದು ಪರೀಕ್ಷೆ ಕಡ್ಡಾಯ ಮಾಡಿ ಎಂದು ವಿನಂತಿ. ಚಿತ್ರಕಥೆಯಿಂದ ಒಂದು ಎಳೆಯ ಪುಟಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟು, ಉಳಿದದ್ದನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಏನೋ ಬಿಟ್ಟುಹೋಗಿದೆ ಎಂದು ಅವರು ಕೇಳದಿದ್ದರೆ, ಆ ಪುಟಗಳನ್ನು ಮತ್ತೆ ಸೇರಿಸಬೇಡಿ, ಅದರಲ್ಲಿ ಎಷ್ಟೇ ದೊಡ್ಡ ಹೆಸರಿದ್ದರೂ ಸರಿ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಪ್ರೇಕ್ಷಕ